ಹೊನ್ನಾವರದ ಹಡಗು, ಮಾಲೆಯ ರಾಣಿ

1343ರ ಸುಮಾರಿಗೆ ಕಲ್ಲಿಕೋಟೆಯಿಂದ ಹೊರಟ ಹಡಗೊಂದು ಹತ್ತು ದಿನ ಸಮುದ್ರದ ಮೇಲಿದ್ದು, ಮಾಲ್ದೀವ್ಸ್‌ನ ಬಡಗಣ ದ್ವೀಪಗಳಲ್ಲೊಂದಾದ ಕಿನೊಳಸ್‌ನಲ್ಲಿ ಲಂಗರು ಹಾಕಿತು. ಹಡಗಿನ ನಾಖುದನ, ಅಂದರೆ ನಾಯಕನ, ಹೆಸರು ಉಮರ್. ಊರು ನಮ್ಮ ಹೊನ್ನಾವರ. ಮಕ್ಕಾ ಯಾತ್ರೆ ಮುಗಿಸಿ ಬಂದಿದ್ದ ಸಜ್ಜನ. ಅವನ ಬಗ್ಗೆ ಚರಿತ್ರೆಯಲ್ಲಿ ಉಳಿದಿರುವುದು ಇಷ್ಟೇ. ಇದಾದರೂ ಉಳಿದದ್ದು ಅವನ ಹಡಗಿನಲ್ಲಿದ್ದ ಒಬ್ಬ ಪ್ರಯಾಣಿಕನಿಂದ. ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿ, ಇಪ್ಪತ್ತೊಂದರ ಹರೆಯದಲ್ಲಿ ಮನೆ ಬಿಟ್ಟಿದ್ದ ಆ ಪ್ರಯಾಣಿಕ ಇಬ್ನ್ ಬತೂತ.

ಬತೂತನಿಗೆ ಆಗ ನಿಲ್ಲಲು ನೆಲೆ ಇರಲಿಲ್ಲ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾದ ದೊರೆಯ ಬಳಿಗೆ ರಾಯಭಾರಿಯಾಗಿ ಕಳಿಸಿದ್ದ. ದೊರೆಗೆಂದು ಕೊಟ್ಟ ಕಾಣಿಕೆಗಳೆಲ್ಲ ಕಲ್ಲಿಕೋಟೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದವು. ಬರಿಗೈಯಲ್ಲಿ ದಿಲ್ಲಿಗೆ ಮರಳಿದರೆ ತುಘಲಕನ ಎದುರು ತಲೆ ಉಳಿಯುವ ಭರವಸೆ ಇಲ್ಲ. ಹಾಗಾಗಿ ಅವನು ಹೊನ್ನಾವರಕ್ಕೆ ಬಂದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಆಸರೆ ಪಡೆದ. ಸುಲ್ತಾನ ಐವತ್ತೆರಡು ಹಡಗು ಕಟ್ಟಿಕೊಂಡು ಗೋವೆಯ ಮೇಲೆ ದಂಡೆತ್ತಿ ಹೋದಾಗ ಜೊತೆಗೆ ಹೋಗಿ ಕತ್ತಿ ಹಿಡಿದ. ಗೆದ್ದ ಊರು ಮತ್ತೆ ಮುತ್ತಿಗೆಗೆ ಸಿಕ್ಕಾಗ ಅಲ್ಲಿಂದ ಜಾರಿಕೊಂಡ. ಹೊನ್ನಾವರದ ಬಗ್ಗೆ ಅವನಿಗೆ ಬಹಳ ಮೆಚ್ಚುಗೆ. ಅಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳಿವೆ, ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಮಾಡಿದ್ದಾರೆ ಎಂದು ಹೇಳಿದ. ಹೆಣ್ಣುಮಕ್ಕಳ ಓದನ್ನು ಇಷ್ಟು ಹೊಗಳಿದವನು ಮುಂದಿನ ನಾಡಿನಲ್ಲಿ ಹೆಣ್ಣುಮಕ್ಕಳೊಡನೆಯೇ ತಿಕ್ಕಾಟಕ್ಕೆ ಇಳಿದ.

ಆ ನಾಡನ್ನು ಆಳುತ್ತಿದ್ದವಳೂ ಹೆಣ್ಣೇ. ಹೆಸರು ಖದೀಜಾ. ಮಾಲ್ದೀವ್ಸ್‌ನವರು ಇಂದಿಗೂ ಅವಳನ್ನು ರೆಹೆಂದಿ ಖದೀಜಾ, ಅಂದರೆ ರಾಣಿ ಖದೀಜಾ ಎನ್ನುತ್ತಾರೆ. ಅವಳ ಅಜ್ಜ ಸಲಾಹುದ್ದೀನ್ ಸಾಲಿಹ್ ಬಂಗಾಳದಿಂದ ಬಂದವನು. ಅಪ್ಪ ಸುಲ್ತಾನ ಜಲಾಲುದ್ದೀನ್ ಉಮರ್. ಅಪ್ಪನ ನಂತರ ಪಟ್ಟಕ್ಕೆ ಬಂದ ತಮ್ಮ ಶಿಹಾಬುದ್ದೀನ್ ಇನ್ನೂ ಹುಡುಗ. ವಜೀರ ಅಬ್ದುಲ್ಲಾ ಹುಡುಗನ ತಾಯಿಯನ್ನು ಮದುವೆಯಾಗಿ ಅಧಿಕಾರವನ್ನು ಕೈಗೆ ತೆಗೆದುಕೊಂಡ. ಹುಡುಗ ಬೆಳೆದ ಮೇಲೆ ವಜೀರನನ್ನು ದೂರದ ದ್ವೀಪಕ್ಕೆ ಅಟ್ಟಿದ. ಆದರೆ ಹುಡುಗನ ನಡತೆಯೇ ಕೆಟ್ಟಿತ್ತು. ರಾತ್ರಿ ಹೊತ್ತು ತನ್ನ ಆಸ್ಥಾನಿಕರ ಮನೆಯ ಹೆಂಗಸರ ಬಳಿ ಹೋಗುತ್ತಾನೆಂದು ಜನ ಅವನನ್ನು ಪಟ್ಟದಿಂದ ಇಳಿಸಿದರು, ಗಡೀಪಾರು ಮಾಡಿದರು, ಬಳಿಕ ಕೊಂದರು. ಮನೆತನದಲ್ಲಿ ಉಳಿದವರು ಮೂವರು ಅಕ್ಕತಂಗಿಯರು. ಹಿರಿಯಳಾದ ಖದೀಜಾಳನ್ನು ಗದ್ದುಗೆಗೆ ಏರಿಸಿದರು. ಅವಳ ಗಂಡ ಜಮಾಲುದ್ದೀನ್ ಮಸೀದಿಯ ಪ್ರವಚನಕಾರ ಖತೀಬನಾಗಿದ್ದವನು, ಈಗ ವಜೀರನಾದ. ಬತೂತನ ಕತೆ ಇದು. ದ್ವೀಪದ ತಾರೀಖ್ ಎಂಬ ಚರಿತ್ರೆಯ ಗ್ರಂಥ ಹೇಳುವ ಕತೆ ಬೇರೆಯೇ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ಉಮರ್ ನಾಖುದ ರಾಣಿಗೂ ಅವಳ ಗಂಡನಿಗೂ ಕಾಣಿಕೆ ತಂದಿದ್ದ. ಕಿನೊಳಸ್‌ನಲ್ಲಿ ಹತ್ತು ದಿನ ತಂಗಿ, ಚಿಕ್ಕ ದೋಣಿಯೊಂದನ್ನು ಬಾಡಿಗೆಗೆ ಹಿಡಿದು ರಾಜಧಾನಿ ಮಾಲೆಗೆ ಹೊರಟ. ತಾನೂ ಬರುತ್ತೇನೆಂದ ಬತೂತನಿಗೆ, ದೋಣಿಯಲ್ಲಿ ನಿನ್ನ ಸಂಗಡಿಗರಿಗೆ ಜಾಗವಿಲ್ಲ, ಒಬ್ಬನೇ ಬರುವುದಾದರೆ ಬಾ ಎಂದ. ಬತೂತ ಒಪ್ಪಲಿಲ್ಲ. ಉಮರ್ ಹೊರಟರೂ ಗಾಳಿ ಕೂಡಿಬರದೆ ನಾಲ್ಕು ದಿನ ಹೆಣಗಾಡಿ ಮರಳಿ ಬಂದ. ಕ್ಷಮೆ ಕೇಳಿ ಎಲ್ಲರನ್ನೂ ಕರೆದುಕೊಂಡು ಮತ್ತೆ ಹೊರಟ. ಮಧ್ಯಾಹ್ನಕ್ಕೆ ಒಂದು ದ್ವೀಪ, ರಾತ್ರಿಗೆ ಇನ್ನೊಂದು ದ್ವೀಪ. ಆ ಕಡಲಿನಲ್ಲಿ ಪ್ರಯಾಣ ಮಾಡುವ ರೀತಿಯೇ ಅದು. ಬಡಗಿನಿಂದ ತೆಂಕಿಗೆ ಸುಮಾರು 870 ಕಿಲೋಮೀಟರ್ ಹರಡಿಕೊಂಡ, ಸಾವಿರದ ಇನ್ನೂರರಷ್ಟು ಹವಳದ ದ್ವೀಪಗಳ ನಾಡು. ಎಲ್ಲ ಸೇರಿಸಿದರೂ ನೆಲ 300 ಚದರ ಕಿಲೋಮೀಟರ್ ಆಗುವುದು ಕಷ್ಟ. ದ್ವೀಪಗಳು ಉಂಗುರದಂತೆ ಸುತ್ತುಗಟ್ಟಿವೆ, ಪ್ರತಿ ಸುತ್ತಿಗೂ ಬಾಗಿಲಿನಂಥ ಒಂದು ಸಂದಿ, ಆ ಸಂದಿ ತಿಳಿಯಬೇಕಾದರೆ ಸ್ಥಳೀಯನೊಬ್ಬ ಹಡಗಿನಲ್ಲಿರಲೇಬೇಕು ಎಂದು ಬತೂತ ಸರಿಯಾಗಿಯೇ ಗುರುತಿಸಿದ. ಒಂದು ದ್ವೀಪ ಬಿಟ್ಟಾಗ ಇನ್ನೊಂದರ ತೆಂಗಿನ ತಲೆಗಳು ಕಣ್ಣಿಗೆ ಬೀಳುತ್ತವೆ. ದಾರಿ ತಪ್ಪಿದ ಹಡಗನ್ನು ಗಾಳಿ ತಮಿಳು ಕರಾವಳಿಗೋ ಸಿಂಹಳಕ್ಕೋ ಒಯ್ದು ಬಿಡುತ್ತದೆ.

ಮನೆಗಳು ಮರದವು. ನೆಲದ ತೇವ ತಾಗದಂತೆ ಎತ್ತರಿಸಿ ಕಟ್ಟಿದವು. ಜಗಲಿಯ ಬಳಿ ನೀರು ತುಂಬಿದ ಗಡಿಗೆ, ಅದರಲ್ಲಿ ತೆಂಗಿನ ಕರಟದ ಸೌಟು. ಊರಿನವರೆಲ್ಲ, ದೊರೆಯ ಮನೆಯವರೂ ಸೇರಿ, ಬರಿಗಾಲಲ್ಲೇ ಓಡಾಡುತ್ತಿದ್ದರು. ಒಳಗೆ ಹೋಗುವವರು ಕಾಲಿಗೆ ನೀರು ಹಾಕಿಕೊಂಡು, ಅಲ್ಲೇ ಇರುವ ಒರಟು ಚಾಪೆಯಲ್ಲಿ ಒರಸಿಕೊಂಡು ಹೋಗಬೇಕಿತ್ತು. ಬೀದಿಗಳನ್ನು ಗುಡಿಸಿಟ್ಟಿರುತ್ತಾರೆ, ಮರಗಳ ನೆರಳಿನಲ್ಲಿ ನಡೆದರೆ ತೋಟದಲ್ಲಿ ನಡೆದಂತೆ ಎಂದು ಅವನೇ ಹೇಳಿದ. ಊಟಕ್ಕೆ ಅನ್ನ, ಮೀನು, ತೆಂಗಿನಕಾಯಿ. ಮೀನನ್ನು ನಾಲ್ಕು ಹೋಳು ಮಾಡಿ, ಸ್ವಲ್ಪ ಬೇಯಿಸಿ, ಗರಿಯ ಬುಟ್ಟಿಯಲ್ಲಿಟ್ಟು ಹೊಗೆಯಲ್ಲಿ ಒಣಗಿಸುತ್ತಿದ್ದರು. ಗಟ್ಟಿಯಾದ ಆ ಮೀನು ಭಾರತ, ಚೀನಾ, ಯೆಮನ್‌ವರೆಗೂ ಹೋಗುತ್ತಿತ್ತು. ಅಕ್ಕಿ ಮಾತ್ರ ಹೊರಗಿನಿಂದಲೇ ಬರಬೇಕು. ರಾಣಿಯ ಸಾವಿರದಷ್ಟು ಸೈನಿಕರಿಗೆ ತಿಂಗಳ ಸಂಬಳವೂ ಅಕ್ಕಿಯಲ್ಲೇ.

ಆ ಅಕ್ಕಿಯನ್ನು ತಂದುಕೊಟ್ಟದ್ದು ಕವಡೆ. ಚೌಕಾಬಾರದ ಕವಡೆ ನಮಗೆಲ್ಲ ಗೊತ್ತು. ಆದರೆ ಒಂದು ಕಾಲಕ್ಕೆ ಅರ್ಧ ಲೋಕದ ಪೇಟೆಯನ್ನು ನಡೆಸಿದ ಹಣ ಅದು, ಮತ್ತು ಆ ಹಣದ ಟಂಕಸಾಲೆ ಮಾಲ್ದೀವ್ಸ್‌ನ ಆಳವಿಲ್ಲದ ಹವಳದ ಕಡಲು ಎಂಬುದು ನಾವು ಮರೆತ ಸಂಗತಿ. ಹತ್ತನೆಯ ಶತಮಾನದ ಅಲ್ ಮಸೂದಿಗೂ ಹನ್ನೊಂದನೆಯ ಶತಮಾನದ ಅಲ್ ಬಿರೂನಿಗೂ ಈ ವಿಷಯ ಗೊತ್ತಿತ್ತು. ಅಲ್ ಬಿರೂನಿಯಂತೂ ದ್ವೀಪಗಳನ್ನು ಎರಡು ಬಗೆಯಾಗಿ ಹಂಚಿದ: ಕವಡೆಯ ದ್ವೀಪಗಳು, ತೆಂಗಿನ ಹುರಿಯ ದ್ವೀಪಗಳು. ಜೀವಂತ ಕವಡೆಗಳನ್ನು ನೀರಿನಿಂದ ಹೆಕ್ಕಿ ತಂದು ಕಡಲ ದಂಡೆಯ ಗುಂಡಿಗಳಲ್ಲಿ ಹಾಕುತ್ತಿದ್ದರು. ಒಳಗಿನ ಹುಳು ಕೊಳೆತು ಹೋದ ಮೇಲೆ ಬಿಳಿಯ ಚಿಪ್ಪು ಮಾತ್ರ ಉಳಿಯುತ್ತಿತ್ತು. ಎಣಿಕೆಗೆ ಪ್ರತ್ಯೇಕ ಹೆಸರುಗಳೇ ಇದ್ದವು. ನೂರಕ್ಕೆ ಒಂದು, ಏಳುನೂರಕ್ಕೆ ಒಂದು, ಹನ್ನೆರಡು ಸಾವಿರಕ್ಕೆ ಒಂದು, ಲಕ್ಷಕ್ಕೆ ಒಂದು. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರು. ಬೆಲೆ ಬಿದ್ದಾಗ ದಿನಾರಿಗೆ ಹತ್ತು ಹನ್ನೆರಡು ಲಕ್ಷ. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಿದ್ದರು. ಯೆಮನ್‌ನವರು ಹಡಗು ಹೊಯ್ದಾಡದಿರಲೆಂದು ತಳಕ್ಕೆ ಮರಳಿನ ಬದಲು ಕವಡೆಯನ್ನೇ ತುಂಬುತ್ತಿದ್ದರು.

ಹತ್ತು ವರ್ಷದ ಮೇಲೆ ಬತೂತ ಸಹಾರಾ ಮರುಭೂಮಿ ದಾಟಿ ಆಫ್ರಿಕದ ಮಾಲಿ ರಾಜ್ಯಕ್ಕೆ ಹೋದ. ಅಲ್ಲಿಯೂ ಕವಡೆಯೇ ಹಣ. ಆದರೆ ಅಲ್ಲಿ ದಿನಾರಿಗೆ ಸಿಗುತ್ತಿದ್ದುದು 1,150 ಮಾತ್ರ. ಹುಟ್ಟಿದ ಕಡಲಿನ ಬೆಲೆಗೂ ಮರುಭೂಮಿಯಾಚೆಯ ಬೆಲೆಗೂ ಸುಮಾರು ಮುನ್ನೂರೈವತ್ತು ಪಟ್ಟು ಅಂತರ. ಈ ಅಂತರವೇ ಮುಂದೆ ದೊಡ್ಡ ಅನಾಹುತಕ್ಕೆ ದಾರಿಯಾಯಿತು. ಪೋರ್ಚುಗೀಸರು, ಆಮೇಲೆ ಡಚ್ಚರು, ಇಂಗ್ಲಿಷರು ಕವಡೆಯನ್ನು ಟನ್ನುಗಟ್ಟಲೆ ಯುರೋಪಿಗೆ ಸಾಗಿಸಿ, ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಒಯ್ದು, ಅದನ್ನು ಕೊಟ್ಟು ಮನುಷ್ಯರನ್ನು ಕೊಂಡರು. ಮಾಲ್ದೀವ್ಸ್‌ನ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಹೆಕ್ಕಿದ ಚಿಪ್ಪಿಗೂ ಗಿನಿ ಕರಾವಳಿಯಲ್ಲಿ ಸಂಕೋಲೆ ತೊಟ್ಟ ಗುಲಾಮನಿಗೂ ನಂಟು ಬಿದ್ದದ್ದು ಹೀಗೆ. ಹೆಕ್ಕಿದವರಿಗೆ ಆ ಸುದ್ದಿ ಮುಟ್ಟಿರಲಾರದು. ಇತ್ತ ಬಂಗಾಳದ ಕಡೆ 1778ರಲ್ಲಿ ಸಿಲ್ಹೆಟ್‌ನ ಕಲೆಕ್ಟರ್ ಆಗಿ ಬಂದ ರಾಬರ್ಟ್ ಲಿಂಡ್ಸೆ ಕಂದಾಯವನ್ನು ಕವಡೆಯಲ್ಲೇ ವಸೂಲಿ ಮಾಡಬೇಕಾಯಿತು. ರೂಪಾಯಿಗೆ 5,120 ಕವಡೆ.

ಮಾಲೆಗೆ ಮರಳೋಣ. ಕಿನೊಳಸ್‌ನಲ್ಲೇ ಒಬ್ಬ ಅರಬ್ಬ ಬತೂತನನ್ನು ಎಚ್ಚರಿಸಿದ್ದ. ಮಾಲೆಯಲ್ಲಿ ಈಗ ಒಳ್ಳೆಯ ಕಾಜಿಯಿಲ್ಲ, ನೀನು ಹೋದರೆ ವಜೀರ ಬಿಡುವುದಿಲ್ಲ ಎಂದು. ಬತೂತ ತನ್ನ ಗುರುತು ಮುಚ್ಚಿಟ್ಟ. ಹೆಚ್ಚು ದಿನ ನಡೆಯಲಿಲ್ಲ. ದರ್ಬಾರಿಗೆ ಕರೆ ಬಂತು. ಅಲ್ಲಿನ ರೀತಿ ಹೀಗೆ: ಬರುವವರು ಬಟ್ಟೆ ತರಬೇಕು. ರಾಣಿಯಿರುವ ದಿಕ್ಕಿಗೆ ಬಾಗಿ ಒಂದು ಬಟ್ಟೆಯನ್ನು ನೆಲಕ್ಕೆ ಹಾಕಬೇಕು, ಆಮೇಲೆ ವಜೀರನಿಗೆ ಬಾಗಿ ಇನ್ನೊಂದನ್ನು. ಅಪ್ಪಣೆಗಳೆಲ್ಲ ರಾಣಿಯ ಹೆಸರಿನಲ್ಲೇ ಹೊರಡುತ್ತಿದ್ದವು. ತಾಳೆಗರಿಯ ಮೇಲೆ ಬಾಗಿದ ಕಬ್ಬಿಣದ ಕಂಟದಿಂದ ಕೊರೆದು ಬರೆಯುತ್ತಿದ್ದರು. ಕಾಗದ ಕುರಾನಿಗೂ ಶಾಸ್ತ್ರಗ್ರಂಥಗಳಿಗೂ ಮಾತ್ರ ಮೀಸಲು. ಶುಕ್ರವಾರದ ಪ್ರವಚನವಾದ ಖುತ್ಬಾದಲ್ಲಿ ಖದೀಜಾಳ ಹೆಸರನ್ನು ಅಪ್ಪನ ಹೆಸರು, ಅಜ್ಜನ ಹೆಸರಿನೊಡನೆ ಸೇರಿಸಿ ಓದುತ್ತಿದ್ದರು. ಇಸ್ಲಾಮೀ ರಾಜ್ಯದಲ್ಲಿ ಖುತ್ಬಾದಲ್ಲಿ ಹೆಸರು ಬಂತೆಂದರೆ ಆಳುವ ಹಕ್ಕು ಬಂತು ಎಂದೇ ಅರ್ಥ. ಗಂಡ ವಜೀರನಾಗಿದ್ದರೂ ಆ ಹೆಸರು ಹೆಂಡತಿಯದಾಗಿತ್ತು.

ವಜೀರ ಮೊದಲ ದಿನಗಳಲ್ಲಿ ಅತಿಥಿಯನ್ನು ಚೆನ್ನಾಗಿ ನೋಡಿಕೊಂಡ. ಖರ್ಚಿಗೆಂದು ಲಕ್ಷ ಕವಡೆ ಕಳಿಸಿದ. ಇನ್ನೊಬ್ಬ ವಜೀರ ಸುಲೇಮಾನ್ ತನ್ನ ಮಗಳನ್ನು ಕೊಡುತ್ತೇನೆಂದ. ನಿಕಾಹ್‌ಗೆ ಜನ ಸೇರಿದರು, ತಾಂಬೂಲ ಬಂತು, ಗಂಧ ಬಂತು, ಹುಡುಗಿಯ ಅಪ್ಪ ಮಾತ್ರ ಬರಲಿಲ್ಲ. ಜಮಾಲುದ್ದೀನ್ ಬತೂತನ ಕಿವಿಯಲ್ಲಿ ಉಸುರಿದ: ಹುಡುಗಿ ಒಲ್ಲೆ ಎನ್ನುತ್ತಿದ್ದಾಳೆ, ಅವಳ ಮದುವೆ ಅವಳ ಇಷ್ಟ. ಸೇರಿದ ಜನ ಸುಮ್ಮನೆ ಎದ್ದು ಹೋಗುವುದು ಬೇಡವೆಂದು ಬತೂತ ಅಲ್ಲಿಯೇ ರಾಣಿಯ ಮಲತಾಯಿಯನ್ನು ಮದುವೆಯಾದ. ಆ ಹೆಂಗಸಿನ ಒಳ್ಳೆಯತನವನ್ನು ಅವನು ಪ್ರೀತಿಯಿಂದಲೇ ನೆನೆದಿದ್ದಾನೆ. ಒಲ್ಲೆ ಎಂದ ಹುಡುಗಿಯ ಹೆಸರನ್ನು ಹೇಳಲಿಲ್ಲ. ಇಡೀ ವೃತ್ತಾಂತದಲ್ಲಿ ನನಗೆ ಅತ್ಯಂತ ಇಷ್ಟವಾಗುವ ವ್ಯಕ್ತಿ ಅವಳು.

ಮದುವೆಯಾದ ಮೇಲೆ ಕಾಜಿಯ ಪದವಿ ಕೊರಳಿಗೆ ಬಿತ್ತು. ಹಿಂದಿನ ಕಾಜಿ ಸತ್ತವರ ಆಸ್ತಿಯನ್ನು ಹಂಚುವಾಗ ಹತ್ತರಲ್ಲೊಂದು ಪಾಲನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಬತೂತ ಅದನ್ನು ನಿಲ್ಲಿಸಿದ. ನ್ಯಾಯವಾದ ಕೆಲಸ. ಮುಂದಿನದು ಹಾಗಿರಲಿಲ್ಲ. ಶುಕ್ರವಾರದ ನಮಾಜಿಗೆ ಬಾರದವರನ್ನು ಹೊಡೆಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ. ತಲಾಖ್ ಆದ ಹೆಂಗಸರು ಮತ್ತೊಂದು ಮದುವೆಯಾಗುವವರೆಗೆ ಹಳೆಯ ಗಂಡನ ಮನೆಯಲ್ಲೇ ಇರುವುದು ಅಲ್ಲಿನ ಪದ್ಧತಿ. ಅದಕ್ಕಾಗಿ ಸುಮಾರು ಇಪ್ಪತ್ತೈದು ಗಂಡಸರಿಗೆ ಏಟು ಬಿತ್ತು. ಒಮ್ಮೆ ಕಳ್ಳನ ಕೈ ಕತ್ತರಿಸಲು ಅಪ್ಪಣೆ ಕೊಟ್ಟ. ಶಿಕ್ಷೆ ನಡೆದಾಗ ಸಭೆಯಲ್ಲಿದ್ದ ಹಲವರು ಮೂರ್ಛೆ ಹೋದರು. ಈ ಜನ ಯುದ್ಧಕ್ಕೆ ಒಗ್ಗಿದವರಲ್ಲ, ಪ್ರಾರ್ಥನೆಯೇ ಇವರ ಆಯುಧ ಎಂದು ಬತೂತ ಇದನ್ನು ಅವರ ಮೆದುತನದ ಗುರುತಾಗಿ ಹೇಳಿದ. ನನಗೆ ಕಾಣುವುದೇ ಬೇರೆ. ಅವರು ಭಕ್ತರಾಗಿದ್ದರು, ಧರ್ಮದ ವಿಧಿಗಳನ್ನು ಬಲ್ಲವರಾಗಿದ್ದರು. ಆದರೆ ಧರ್ಮದ ಹೆಸರಿನಲ್ಲಿ ಮನುಷ್ಯನ ಕೈ ಕಡಿಯುವುದನ್ನು ಕಣ್ಣಾರೆ ಕಂಡು ಅವರ ರಕ್ತ ತಣ್ಣಗಾಯಿತು.

ಹೆಂಗಸರ ಉಡುಪಿನ ವಿಷಯದಲ್ಲಿ ಅವನು ಪೂರ್ತಿ ಸೋತ. ರಾಣಿಯೂ ಸೇರಿ ಯಾರೂ ತಲೆಗೆ ಸೆರಗು ಹಾಕುತ್ತಿರಲಿಲ್ಲ. ಕೂದಲನ್ನು ಒಂದು ಪಕ್ಕಕ್ಕೆ ಬಾಚಿ ಕಟ್ಟುತ್ತಿದ್ದರು. ಬಹಳ ಮಂದಿ ಸೊಂಟದಿಂದ ಪಾದದವರೆಗೆ ಒಂದು ಬಟ್ಟೆ ಸುತ್ತಿ, ಮೈಯ ಮೇಲ್ಭಾಗವನ್ನು ತೆರೆದೇ ಪೇಟೆಗೂ ಮಸೀದಿಯ ಬೀದಿಗೂ ಓಡಾಡುತ್ತಿದ್ದರು. ಕಾಜಿಯಾದ ದಿನದಿಂದಲೂ ಬತೂತ ಇದನ್ನು ನಿಲ್ಲಿಸಲು ಯತ್ನಿಸಿದ. ಅವನಿಂದ ಆದದ್ದು ಇಷ್ಟೇ: ವ್ಯಾಜ್ಯ ಹೇಳಿಕೊಂಡು ತನ್ನ ಮುಂದೆ ಬರುವವಳು ಮೈ ಮುಚ್ಚಿಕೊಂಡು ಬರಬೇಕು ಎಂಬ ಕಟ್ಟಳೆ. ನ್ಯಾಯಸ್ಥಾನದ ಹೊಸ್ತಿಲು ದಾಟಿದರೆ ಆ ಕಟ್ಟಳೆ ನಡೆಯುತ್ತಿರಲಿಲ್ಲ. ಈ ದ್ವೀಪಗಳು ಬೌದ್ಧ ಧರ್ಮ ಬಿಟ್ಟು ಇಸ್ಲಾಮಿಗೆ ಬಂದದ್ದು 1153ರಲ್ಲಿ, ಅಂದರೆ ಬತೂತ ಬರುವುದಕ್ಕೆ ಇನ್ನೂರು ವರ್ಷಕ್ಕೂ ಕಡಿಮೆ ಹಿಂದೆ. ದೇವರು ಬದಲಾದರೂ ಉಡುವ, ಮದುವೆಯಾಗುವ, ಬಿಟ್ಟು ನಡೆಯುವ, ಗದ್ದುಗೆ ಏರುವ ಹಳೆಯ ರೂಢಿಗಳು ಮನೆಯೊಳಗೆ ಹಾಗೆಯೇ ಉಳಿದಿದ್ದವು. ಈ ಹೆಂಗಸರು ಒಂದಕ್ಷರ ಬರೆದಿಟ್ಟಿಲ್ಲ. ಅವರ ಮಾತನ್ನು ನಮಗೆ ತಲುಪಿಸಿದವನು ಅವರನ್ನು ತಿದ್ದಲು ಹೋಗಿ ಆಗದೆ ಹಿಂದಿರುಗಿದವನೇ.

ಅಷ್ಟರಲ್ಲಿ ಬತೂತ ಬೇರೆ ಬೇರೆ ದೊಡ್ಡ ಮನೆಗಳಿಂದ ನಾಲ್ವರನ್ನು ಮದುವೆಯಾಗಿದ್ದ. ನೆಂಟಸ್ತನದ ಬಲ ಬೆಳೆದಂತೆ ವಜೀರನಿಗೆ ಅನುಮಾನವೂ ಬೆಳೆಯಿತು. ಒಬ್ಬ ಗುಲಾಮನನ್ನು ಶಿಕ್ಷಿಸುವ ವಿಷಯದಲ್ಲಿ ಇಬ್ಬರೂ ಎದುರುಬದುರಾದರು. ಅವನನ್ನು ಬಿಡು ಎಂದು ವಜೀರ ಹೇಳಿಕಳಿಸಿದ್ದಕ್ಕೆ ಬತೂತ ಅವನನ್ನು ಇನ್ನಷ್ಟು ಹೊಡೆಸಿ ಮೆರವಣಿಗೆ ಮಾಡಿಸಿದ. ದರ್ಬಾರಿಗೆ ಕರೆಸಿದಾಗ ವಾಡಿಕೆಯಂತೆ ಬಾಗದೆ ಬರಿಯ ಸಲಾಂ ಹೇಳಿ, ಅಲ್ಲೇ ಕಾಜಿ ಪದವಿಯನ್ನು ಬಿಟ್ಟ. ರಾಜಿ ಮಾಡಿಸಲು ನಡುವೆ ಯಾರುಯಾರೋ ಬಂದರು. ಮನಸ್ಸು ಮುರಿದಿತ್ತು. ಹೆಂಡತಿಯರಿಗೆ ತಲಾಖ್ ಕೊಟ್ಟು, ಕೆಲವು ಕಾಲ ತೆಂಕಣ ದ್ವೀಪಗಳಲ್ಲಿದ್ದು, 1344ರ ಆಗಸ್ಟ್ ಕೊನೆಗೆ ಸಿಂಹಳದ ಕಡೆ ಹಡಗು ಹತ್ತಿದ.

ಹೋಗುವಾಗ ಮನಸ್ಸಿನಲ್ಲಿ ದ್ರೋಹವನ್ನೂ ಹೊತ್ತುಕೊಂಡು ಹೋದ. ಮಾಲೆಯ ದಂಡನಾಯಕನೂ ನೌಕಾಧಿಕಾರಿಯೂ ಅವನೊಡನೆ ಗುಟ್ಟಾಗಿ ಮಾತಾಡಿಕೊಂಡಿದ್ದರು. ಅವನು ಮಧುರೆಯ ಸುಲ್ತಾನನಿಂದ ಸೈನ್ಯ ತರಬೇಕು, ಹಡಗುಗಳಲ್ಲಿ ಬಿಳಿಯ ಬಾವುಟ ಕಂಡ ಕೂಡಲೇ ಇವರು ದಡದಲ್ಲಿ ದಂಗೆ ಏಳಬೇಕು. ಇದನ್ನು ಬತೂತ ತಾನಾಗಿಯೇ ಹೇಳಿಕೊಂಡಿದ್ದಾನೆ. ಮಧುರೆಯ ಸುಲ್ತಾನ ಘಿಯಾಸುದ್ದೀನ್ ದಾಮಘಾನಿ ಅವನಿಗೆ ಷಡ್ಡಕ. ಕನ್ನಡ ನಾಡಿನ ಚರಿತ್ರೆ ಓದಿದವರು ಈ ಘಿಯಾಸುದ್ದೀನನ ಹೆಸರು ಕೇಳಿದರೆ ಹಲ್ಲು ಕಡಿಯುತ್ತಾರೆ. ಎಂಬತ್ತರ ವಯಸ್ಸಿನ ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳನನ್ನು ಕಣ್ಣನೂರು ಕೊಪ್ಪಂ ಬಳಿ ಸೆರೆಹಿಡಿದು, ಸಂಪತ್ತನ್ನೆಲ್ಲ ಕಕ್ಕಿಸಿ, ಕೊಂದು, ಚರ್ಮ ಸುಲಿದು ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿಸಿದವನು ಅವನೇ. ಆ ಕಳೇಬರವನ್ನು ಬತೂತ ಕಣ್ಣಾರೆ ನೋಡಿದ, ನೋಡಿದ್ದನ್ನು ಹೇಳಿಯೂ ಇದ್ದಾನೆ. ಅಂಥವನ ಮುಂದೆ ಕುಳಿತು, ಮಾಲ್ದೀವ್ಸ್‌ಗೆ ಹಡಗು ಕಳಿಸು, ರಾಣಿಯ ತಂಗಿಯನ್ನು ಮದುವೆಯಾಗು ಎಂದು ಸಲಹೆ ಕೊಟ್ಟ. ಸುಲ್ತಾನ ಒಪ್ಪಿದ, ಹಡಗುಗಳೂ ಅಣಿಯಾಗತೊಡಗಿದವು. ಅಷ್ಟರಲ್ಲಿ ಮಧುರೆಗೆ ಮಹಾಮಾರಿ ಬಡಿಯಿತು. ಸುಲ್ತಾನ ಸತ್ತ. ಬತೂತ ಜ್ವರ ಹಿಡಿದು ಮಲಗಿದ, ಚೇತರಿಸಿಕೊಂಡವನು ಆ ಊರನ್ನೇ ಬಿಟ್ಟ. ಬಲ್ಲಾಳನಿಗೆ ಆದ ಗತಿಯ ನೆನಪಿರುವ ನಮಗೆ, ಮಾಲ್ದೀವ್ಸ್ ಎಂಥ ಕಂಟಕದಿಂದ ಪಾರಾಯಿತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಹೊನ್ನಾವರಕ್ಕೆ ಮರಳುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಕಡಲಲ್ಲಿ ಹನ್ನೆರಡು ಹಡಗುಗಳಲ್ಲಿ ಬಂದ ಕಡಲುಗಳ್ಳರು ಅವನನ್ನು ಸುಲಿದರು. ಸಿಂಹಳದ ದೊರೆ ಕೊಟ್ಟ ರತ್ನಗಳೂ ಹೋದವು. ಇಜಾರವೊಂದು ಉಳಿಯಿತು. ಕಲ್ಲಿಕೋಟೆಗೆ ಬಂದಾಗ, ಮಾಲ್ದೀವ್ಸ್‌ನಲ್ಲಿ ಬಿಟ್ಟು ಬಂದ ಬಸುರಿ ಹೆಂಡತಿ ಗಂಡುಮಗುವನ್ನು ಹೆತ್ತಿದ್ದಾಳೆಂಬ ಸುದ್ದಿ ಸಿಕ್ಕಿತು. ಮಗುವನ್ನು ಕರೆತರಲು ಮತ್ತೆ ಹೋದ. ಮಗುವಿಗೆ ಆಗ ಎರಡು ವರ್ಷ. ತಾಯಿ ಆಗಿನ ಹೊಸ ವಜೀರನ ಬಳಿ ದೂರು ಕೊಂಡೊಯ್ದಳು. ತಂದೆಯನ್ನು ತಡೆಯುವುದಿಲ್ಲ ಎಂದು ವಜೀರ ಕೈಚೆಲ್ಲಿದ. ಹಕ್ಕು ತನ್ನ ಕಡೆಗಿದ್ದರೂ ಮಗುವನ್ನು ನೋಡಿದ ಮೇಲೆ, ಇದು ಇವರ ಬಳಿಯೇ ಇರುವುದು ಒಳ್ಳೆಯದೆಂದು ಬತೂತನಿಗೆ ಅನಿಸಿತು. ಐದು ದಿನ ಇದ್ದು ಬಂಗಾಳಕ್ಕೆ ಹಡಗು ಹತ್ತಿದ. ಆ ನಾಡಿನಲ್ಲಿ ಅವನು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಮನುಷ್ಯತ್ವದ್ದು ಎನಿಸುವುದು ಇದೇ.

ಅವನು ಎರಡನೆಯ ಸಲ ಬಂದಾಗ ಜಮಾಲುದ್ದೀನ್ ಬದುಕಿರಲಿಲ್ಲ. ಹಿಂದೆ ಗಡೀಪಾರಾಗಿದ್ದ ಅಬ್ದುಲ್ಲಾ ಮರಳಿ ಬಂದು ರಾಣಿಯನ್ನು ಮದುವೆಯಾಗಿ ವಜೀರನಾಗಿದ್ದ. ಇಲ್ಲಿಂದ ಮುಂದಕ್ಕೆ ನಮಗೆ ದಾರಿ ತೋರುವುದು ದ್ವೀಪದ ತಾರೀಖ್. ಹಸನ್ ತಾಜುದ್ದೀನ್ ಅದನ್ನು ಬರೆದದ್ದು ಖದೀಜಾ ತೀರಿ ಮೂರು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅದರ ಪ್ರಕಾರ ಖದೀಜಾ ಪಟ್ಟವೇರಿದ್ದು 1347ರಲ್ಲಿ, ಅದೂ ತಮ್ಮನನ್ನು ಕೊಲ್ಲಿಸಿ. ಹದಿನಾರು ವರ್ಷದ ಬಳಿಕ ಮೊದಲ ಗಂಡ ಗದ್ದುಗೆ ಕಿತ್ತುಕೊಂಡ. ವರ್ಷದೊಳಗೆ ಅವನು ಸತ್ತ, ಅವಳು ಮತ್ತೆ ರಾಣಿಯಾದಳು. 1374ರಲ್ಲಿ ಎರಡನೆಯ ಗಂಡ ಅಬ್ದುಲ್ಲಾ ಅದನ್ನೇ ಮಾಡಿದ. ಎರಡು ವರ್ಷದಲ್ಲಿ ಅವನೂ ಸತ್ತ, ಅವಳು ಮೂರನೆಯ ಸಲ ಗದ್ದುಗೆಯಲ್ಲಿ ಕೂತಳು. ಇಬ್ಬರನ್ನೂ ಅವಳೇ ಕೊಲ್ಲಿಸಿದಳೆಂದು ತಾರೀಖ್ ಹೇಳುತ್ತದೆ. 1380ರವರೆಗೆ ಆಳಿದಳು.

ಬತೂತನ ಲೆಕ್ಕಕ್ಕೂ ಈ ಲೆಕ್ಕಕ್ಕೂ ಹೊಂದಿಕೆಯಿಲ್ಲ. ತಾರೀಖ್‌ನ ಪ್ರಕಾರ ಅವಳು ಪಟ್ಟಕ್ಕೇ ಬಂದಿರದ ವರ್ಷದಲ್ಲಿ ಬತೂತ ಅವಳ ಹೆಸರಿನ ಖುತ್ಬಾ ಕೇಳಿದ್ದ. ತಾರೀಖ್ 1363ರಲ್ಲೂ ಬದುಕಿದ್ದನೆನ್ನುವ ಮೊದಲ ಗಂಡ ಬತೂತನ ಪ್ರಕಾರ ಅದಕ್ಕೂ ಎಷ್ಟೋ ಮುಂಚೆ ತೀರಿಕೊಂಡಿದ್ದ. ತಮ್ಮನನ್ನು ಪಟ್ಟದಿಂದ ಇಳಿಸಿದ್ದು ಜನ ಎಂದು ಒಬ್ಬ, ಅಕ್ಕನೇ ಕೊಲ್ಲಿಸಿದಳೆಂದು ಇನ್ನೊಬ್ಬ. ನಾನು ಈ ವಿಷಯದಲ್ಲಿ ಬತೂತನ ಕಡೆ ವಾಲುತ್ತೇನೆ. ಅವನು ಅಲ್ಲಿದ್ದ, ಆ ದರ್ಬಾರಿನ ಮೇಲೆ ಸಿಟ್ಟಿಟ್ಟುಕೊಂಡು ಹೋದ, ಆದರೂ ರಾಣಿಯ ಮೇಲೆ ಕೊಲೆಯ ಆರೋಪ ಹೊರಿಸಲಿಲ್ಲ. ಆಗ ಮಾಲೆಯಲ್ಲಿ ಅಂಥ ಪಿಸುಮಾತು ಇದ್ದಿದ್ದರೆ ಅವನು ಬಿಡುತ್ತಿರಲಿಲ್ಲ. ಗಂಡಂದಿರ ಸಾವಿನ ವಿಷಯ ಬೇರೆ. ಹೆಂಡತಿಯ ಹೆಸರಿನಲ್ಲಿ ನಡೆಯುತ್ತಿದ್ದ ರಾಜ್ಯವನ್ನು ತನ್ನದೆಂದು ಘೋಷಿಸಿದವನನ್ನು ದ್ವೀಪದ ದೊಡ್ಡ ಮನೆತನಗಳು ಎರಡು ಸಲವೂ ಸಹಿಸಿರಲಾರವು, ಎರಡು ಸಲವೂ ಅವಳನ್ನೇ ಮರಳಿ ಕರೆದು ಕೂರಿಸಿರಬೇಕು. ಅಜ್ಜ, ಅಪ್ಪ, ತಮ್ಮ ಎಲ್ಲರ ಹಕ್ಕೂ ಹರಿದು ಬಂದು ನಿಂತದ್ದು ಅವಳಲ್ಲಿ. ಅವಳ ನಂತರ ತಂಗಿ ರಾಧಾಫತಿಗೂ ಆಮೇಲೆ ದಾಯಿನ್ ಎಂಬವಳಿಗೂ ಪಟ್ಟ ಕಟ್ಟಿದರು. 1388ರಲ್ಲಿ ಹಿಲಾಲಿ ವಂಶ ಬರುವವರೆಗೂ ಹೆಣ್ಣಿನ ಹೆಸರು ಆ ಗದ್ದುಗೆಗೆ ಹೊಸದಾಗಿರಲಿಲ್ಲ.

ಅವಳ ಅಪ್ಪಣೆಗಳನ್ನು ಕೊರೆದ ತಾಳೆಗರಿಗಳು ಆ ಉಪ್ಪುಗಾಳಿಯಲ್ಲಿ ಉಳಿಯಲಿಲ್ಲ. ಉಳಿದದ್ದು ತಾಮ್ರ. ಬೌದ್ಧ ವಿಹಾರಗಳು ಉರುಳಿದ ಹನ್ನೆರಡನೆಯ ಶತಮಾನದ ಕೊನೆಯಿಂದಲೂ ಮಾಲ್ದೀವ್ಸ್‌ನ ದೊರೆಗಳು ಮಸೀದಿಗಳಿಗೆ ಕೊಟ್ಟ ದತ್ತಿಗಳನ್ನು ತಾಮ್ರದ ಹಲಗೆಗಳ ಮೇಲೆ ಬರೆಸುತ್ತಿದ್ದರು, ಅವನ್ನು ಲೋಮಾಫಾನು ಎನ್ನುತ್ತಾರೆ. ಅವುಗಳಲ್ಲಿ ಒಂದು ಬೋಡುಗಲು ಮಸೀದಿಗೆ ಸೇರಿದ್ದು, ಹಿಜರಿ 758ರದು, ಅಂದರೆ 1356–57. ಬತೂತ ಊರಿಗೆ ಮರಳಿ, ಮೊರಾಕ್ಕೊದ ಫೆಜ್ ನಗರದಲ್ಲಿ ಲಿಪಿಕಾರನೆದುರು ಕುಳಿತು ಮಾಲೆಯ ನೆನಪುಗಳನ್ನೆಲ್ಲ ಹೇಳಿ ಮುಗಿಸಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆ ತಾಮ್ರಶಾಸನ ಹೊರಟದ್ದು ರಾಣಿ ಖದೀಜಾಳ ಆಳ್ವಿಕೆಯಲ್ಲಿ.